ಒಂದು ಡಾಲರ್ ಕೂಡ ಕೊಡಲ್ಲ ಅಂಕಲ್

ಶನಿವಾರ ಊಟಕ್ಕೆ ಹೋದ ಮನೆಯಲ್ಲಿ ನಡೆದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಬರೆದು ಹಾಕಿದರಾದರೂ ಹೋಗುತ್ತೇನೋ ನೋಡೋಣ.

ಮಗಳಿಗೆ ಇಲ್ಲಿ ಅಮೆರಿಕದಲ್ಲಿ ಪಕ್ಕದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿನಲ್ಲಿ, ಅಂದರೆ ಚೆನ್ನಾಗಿ ಓದುವ ಮಕ್ಕಳಿಗಾಗಿ ಅದರೊಳಗೇ ಇರುವ ಸಣ್ಣ ಕಾಲೇಜಿನಲ್ಲಿ, ಸೀಟು ಸಿಕ್ಕಿದೆ. ಜೊತೆಗೆ ವರ್ಷಕ್ಕೆ 18 ಸಾವಿರ ಡಾಲರ್, ಅಂಕ-ಪ್ರತಿಭೆ ನೋಡಿ ಕೊಡುವ ಮೆರಿಟ್ ಸ್ಕಾಲರ್‌ಶಿಪ್. ಮೇ 1ರ ಒಳಗೆ ಬರ್ತೀನಿ ಅಂತ ಹೇಳಿ ಡೆಪಾಸಿಟ್ ಕಟ್ಟಬೇಕಿತ್ತು, ಕಟ್ಟಿದೆವು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಊಟಕ್ಕೆ ಕರೆದರೆ ಹನ್ನೆರಡನೇ ಕ್ಲಾಸಿನ ಮಕ್ಕಳ ವಿಚಾರಣೆ ಇದ್ದೇ ಇರುತ್ತದೆ. ಅದಕ್ಕೆ ತಯಾರಾಗಿಯೇ ಹೋಗಿದ್ದೆವು.

"ಎಷ್ಟು ಬಂತು?" ಅಂದರು ಮನೆಯ ಯಜಮಾನರು. ಯಾವ ಕಾಲೇಜು, ಏನು ಓದ್ತೀಯಾ, ಅದೆಲ್ಲ ಆಮೇಲೆ. ಮಗಳು ಹೇಳಿದಳು. "ಪರವಾಗಿಲ್ಲ. ಆದ್ರೆ ಹಾರ್ವರ್ಡು, ಪ್ರಿನ್ಸ್‌ಟನ್ನು ಅಂಥ ಕಡೆ ಸಿಕ್ಕಿದ್ರೆ ಇನ್ನೂ ಜಾಸ್ತಿ ಕೊಡ್ತಿದ್ರು, ಅಲ್ವಾ?"

ಅವಳು ತಟ್ಟೆಗೆ ಪಲ್ಯ ಹಾಕಿಕೊಳ್ಳುತ್ತಾ, ತಲೆ ಕೂಡ ಎತ್ತದೆ ಅಂದಳು: "ಅವರು ಮೆರಿಟ್‌ಗೆ ಒಂದು ಡಾಲರ್ ಕೂಡ ಕೊಡಲ್ಲ ಅಂಕಲ್."

ಅವರು ಜೋರಾಗಿ ನಕ್ಕರು. "ಕೊಡದೆ ಇರ್ತಾರಾ? ಅಷ್ಟು ದುಡ್ಡಿರೋರು!" ಆಮೇಲೆ ನನ್ನ ಕಡೆ ತಿರುಗಿ, "ಇವಳಿಗೆ ಯಾರೋ ತಪ್ಪು ಹೇಳಿದ್ದಾರೆ ನೋಡಿ" ಅಂದರು. ಮನುಷ್ಯ ಕೆಟ್ಟವರಲ್ಲ. ಯಾರಿಗೆ ಕಷ್ಟ ಬಂದರೂ ಮೊದಲು ಓಡಿ ಬರುವವರು. ಆದರೆ ತಮಗಿಂತ ಚಿಕ್ಕವರು, ಅದರಲ್ಲೂ ಹುಡುಗಿಯರು, ಒಂದು ವಿಷಯ ಸರಿಯಾಗಿ ಹೇಳಿದರೆ ಅದನ್ನು ದೊಡ್ಡವರೊಬ್ಬರ ಹತ್ತಿರ ಖಾತರಿ ಮಾಡಿಕೊಳ್ಳದೆ ನುಂಗುವುದು ಅವರಿಗೆ ಕಷ್ಟ.

ಮಗಳು ಹೇಳಿದ್ದು ನಿಜ. ಹಾರ್ವರ್ಡ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಅನ್ನುವ ಗುಂಪಿನ ಎಂಟೂ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಕ್ರೀಡೆಗೂ ಕೊಡುವುದಿಲ್ಲ. ದುಡ್ಡು ಕೊಡುವಾಗ ಅಲ್ಲಿ ನೋಡುವುದು ಮನೆಯ ಹಣಕಾಸಿನ ಸ್ಥಿತಿ ಮಾತ್ರ. ಹಾರ್ವರ್ಡ್ ಅಂತೂ 2025-26ರಿಂದ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯ ಇರುವ ಸಾಮಾನ್ಯ ಮನೆಗಳ ಮಕ್ಕಳಿಗೆ ಟ್ಯೂಷನ್ ಫೀಯೇ ಇಲ್ಲ ಅಂದಿದೆ. ತುಂಬಾ ಒಳ್ಳೆಯದು. ಆದರೆ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿರುವ ಮನೆಯಿಂದ ಹೋದರೆ, ಮಗು ಎಷ್ಟೇ ಜಾಣೆಯಾದರೂ ಹೆಚ್ಚುಕಡಿಮೆ ಪೂರ್ತಿ ರೇಟು. ಅಲ್ಲಿಗೆ ಬರುವವರೆಲ್ಲ ಜಾಣರೇ. ಒಬ್ಬರನ್ನು ಎಳೆದುಕೊಳ್ಳಲು ಯಾಕೆ ದುಡ್ಡು ಕೊಡುತ್ತಾರೆ?

ಇಷ್ಟು ಸರಳ ವಿಷಯ ಅವರ ತಲೆಗೆ ಯಾಕೆ ಹೋಗಲಿಲ್ಲ ಅಂತ ಭಾನುವಾರವೆಲ್ಲ ಯೋಚಿಸಿದೆ. ಉತ್ತರ ಸಿಕ್ಕಿದ್ದು ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿದಾಗ. ಮೊಮ್ಮಗಳ ಸುದ್ದಿ ಕೇಳಿ ಖುಷಿಪಟ್ಟು, ಮೊದಲು ಕೇಳಿದ ಪ್ರಶ್ನೆ: "ಫ್ರೀ ಸೀಟಾ, ಪೇಮೆಂಟ್ ಸೀಟಾ?"

ನಗು ತಡೆಯಲಾಗಲಿಲ್ಲ. ಆದರೆ ಗಂಟು ಇರುವುದು ಅಲ್ಲೇ. ನಾವೆಲ್ಲ ತೊಂಬತ್ತರ ದಶಕದಲ್ಲಿ ಸಿಇಟಿ ಬರೆದವರು. ರ‍್ಯಾಂಕ್ ಚೆನ್ನಾಗಿ ಬಂದರೆ ಒಳ್ಳೆಯ ಕಾಲೇಜು ಸಿಗುತ್ತಿತ್ತು, ಅದೇ ರ‍್ಯಾಂಕಿಗೆ ಫ್ರೀ ಸೀಟೂ ಸಿಗುತ್ತಿತ್ತು. ರ‍್ಯಾಂಕ್ ಕೆಳಗೆ ಹೋದ ಹಾಗೆ ಕಾಲೇಜಿನ ಹೆಸರು ಸಣ್ಣದಾಗುತ್ತಿತ್ತು, ಫೀಸು ದೊಡ್ಡದಾಗುತ್ತಿತ್ತು. ಮೇಲಿನ ಕಾಲೇಜು ಅಂದರೆ ಕಡಿಮೆ ಖರ್ಚು, ಎರಡೂ ಒಂದೇ ಕಡೆ. ಈ ಲೆಕ್ಕ ನಮ್ಮ ಮೈಯೊಳಗೇ ಇಳಿದುಬಿಟ್ಟಿದೆ. ಇಲ್ಲಿ ಅವೆರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಹೆಸರಿರುವ ಕಡೆ ಸೀಟು ಸಿಕ್ಕರೆ ಅದೇ ದೊಡ್ಡದು, ರಿಯಾಯಿತಿ ಇಲ್ಲ. ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ಅಂತ ಜನ ಎಣಿಸುವ ಕಡೆ ಅದೇ ಮಗುವಿಗೆ ದುಡ್ಡು ಕೊಟ್ಟು ಕರೆಯುತ್ತಾರೆ. ಅಲಬಾಮಾ ವಿಶ್ವವಿದ್ಯಾಲಯ, ಡಲ್ಲಾಸ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ ಇವೆಲ್ಲ ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆಯ ಫೈನಲಿಸ್ಟ್‌ಗಳಿಗೆ ದೊಡ್ಡ ಪ್ಯಾಕೇಜ್ ಕೊಡುವುದಕ್ಕೆ ಹೆಸರುವಾಸಿಯಾಗಿರುವುದು ಸುಮ್ನೆ ಅಲ್ಲ.

ನ್ಯಾಷನಲ್ ಮೆರಿಟ್ ಅಂದೆ ನೋಡಿ, ಅದರ ಕಥೆ ಬೇರೆ. ಹನ್ನೊಂದನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಪಿಎಸ್‌ಎಟಿ ಅನ್ನುವ ಪರೀಕ್ಷೆ ಬರೆಯಬೇಕು. ಇಡೀ ದೇಶದಲ್ಲಿ ಸುಮಾರು 16 ಸಾವಿರ ಮಕ್ಕಳು ಸೆಮಿಫೈನಲಿಸ್ಟ್ ಆಗುತ್ತಾರೆ, ಮತ್ತು ಕಟಾಫ್ ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಜೆರ್ಸಿಯಲ್ಲಿ ಸಾಕಾಗದ ಅಂಕ ಬೇರೆ ಎಷ್ಟೋ ರಾಜ್ಯಗಳಲ್ಲಿ ಧಾರಾಳವಾಗಿ ಸಾಕು. ಅದರಲ್ಲಿ ಗೆದ್ದರೆ ಆ ಸಂಸ್ಥೆಯಿಂದ ಬರುವುದು ಒಂದೇ ಸಲ 2500 ಡಾಲರ್. ಅಸಲಿ ದುಡ್ಡು ಇರುವುದು ಆ ಹೆಸರು ನೋಡಿ ಕಾಲೇಜುಗಳು ಇಳಿಸುವ ಫೀಸಿನಲ್ಲಿ. ನನ್ನ ಮಗಳಿಗೆ ಅದು ಬಂದಿರಲಿಲ್ಲ. ಆಗ ಮನೆಯಲ್ಲಿ ಸ್ವಲ್ಪ ದಿನ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಶನಿವಾರ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ಅಂಕಲ್ ಹಾಗೆ ನಕ್ಕಿದ್ದಕ್ಕೆ ಬೇಜಾರಾಯ್ತಾ?" ಅಂತ. "ಇಲ್ಲಮ್ಮ. ಅವರು ಇದನ್ನ ಬಹುಮಾನ ಅಂದ್ಕೊಂಡಿದ್ದಾರೆ. ವಿಮಾನದಲ್ಲಿ ಪಕ್ಕಪಕ್ಕ ಕೂತವರು ಬೇರೆ ಬೇರೆ ರೇಟು ಕೊಟ್ಟಿರ್ತಾರಲ್ಲ, ಇದೂ ಹಾಗೇ" ಅಂದಳು. ನನಗೆ ಚುಚ್ಚಿದ್ದು ಇದು. ಅಂಕಲ್ ನಗುಗಿಂತ ಜಾಸ್ತಿ. ರಾತ್ರಿಯೆಲ್ಲ ಕೂತು ಪ್ರಬಂಧ ಬರೆದ ಹುಡುಗಿ, ಅದರ ಫಲವನ್ನು ವಿಮಾನದ ಟಿಕೆಟ್ ರೇಟು ಅಂತಾಳಲ್ಲ! ಆದರೆ ಅವಳನ್ನು ತಪ್ಪು ಅನ್ನುವ ಹಾಗಿಲ್ಲ. ವೆಬ್‌ಸೈಟಿನಲ್ಲಿ ಹಾಕುವ ಫೀಸನ್ನು ಪೂರ್ತಿ ಕಟ್ಟುವವರು ಎಷ್ಟೋ ಕಾಲೇಜುಗಳಲ್ಲಿ ಕಮ್ಮಿ. ಹೊರರಾಜ್ಯದ ಮಗುವಿಗೆ 18 ಸಾವಿರ ಬಿಟ್ಟರೂ ಆ ರಾಜ್ಯದವರೇ ಕಟ್ಟುವುದಕ್ಕಿಂತ ಜಾಸ್ತಿಯೇ ನಮ್ಮಿಂದ ಹೋಗುತ್ತದೆ. ಅವರಿಗೆ ಒಳ್ಳೆಯ ಅಂಕದ ಮಗು ಸಿಕ್ಕಿತು, ಫೀಸೂ ಸಿಕ್ಕಿತು. ಅವರೇನು ದಾನ ಮಾಡುತ್ತಿಲ್ಲ.

ಆನರ್ಸ್ ಬಗ್ಗೆ ಮಾತ್ರ ನಾನು ಅವಳಷ್ಟು ಲೆಕ್ಕಾಚಾರದಿಂದ ಮಾತಾಡಲಾರೆ. ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಫ್ರಾಂಕ್ ಏಡಲಾಟ್ ಎಂಬ ಅಧ್ಯಕ್ಷರು ತಾವು ಓದಿದ ಆಕ್ಸ್‌ಫರ್ಡ್ ನೋಡಿ 1922ರಲ್ಲಿ ಈ ಪದ್ಧತಿ ಶುರುಮಾಡಿದ್ದು, ಓದುವ ಹಸಿವು ಜಾಸ್ತಿ ಇರುವ ಮಕ್ಕಳನ್ನು ಎಲ್ಲರ ಜೊತೆ ಒಂದೇ ವೇಗದಲ್ಲಿ ಕಟ್ಟಿಹಾಕಬಾರದು ಅಂತ. ಈಗ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು ಅದನ್ನೇ ತಮ್ಮೊಳಗೆ ಒಂದು ಸಣ್ಣ ಕಾಲೇಜಾಗಿ ಮಾಡಿಕೊಂಡಿವೆ. ಅರಿಝೋನಾ ಸ್ಟೇಟ್‌ನ ಬ್ಯಾರೆಟ್ 1988ರಿಂದ ಇದೆ. ಪೆನ್ ಸ್ಟೇಟ್‌ಗೆ ಶ್ರೈಯರ್ ಇದೆ. ನೂರಾರು ಮಕ್ಕಳ ಲೆಕ್ಚರ್ ಹಾಲಿನ ಬದಲು ಇಪ್ಪತ್ತು ಮಕ್ಕಳ ಕ್ಲಾಸು, ಎಲ್ಲರಿಗಿಂತ ಮೊದಲು ಕೋರ್ಸ್ ಆರಿಸಿಕೊಳ್ಳುವ ಅವಕಾಶ, ಕೊನೆಗೆ ಒಬ್ಬ ಪ್ರೊಫೆಸರ್ ಜೊತೆ ಕೂತು ಬರೆಯುವ ಥೀಸಿಸ್. ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನಲ್ಲಿ ನಾಲ್ಕು ವರ್ಷದಲ್ಲಿ ಒಬ್ಬ ಲೆಕ್ಚರರ್ ಕೂಡ ನನ್ನ ಹೆಸರಿನಿಂದ ಕರೆದ ನೆನಪಿಲ್ಲ, ರೋಲ್ ನಂಬರೇ. ಫ್ರೀ ಸೀಟು ಅಂತ ಹೆಮ್ಮೆ ಮಾತ್ರ ಇತ್ತು. ಮಗಳಿಗೆ ಆ ಇಪ್ಪತ್ತು ಜನರ ಕ್ಲಾಸು ಸಿಗುತ್ತದಲ್ಲ, ನನಗೆ ಹೊಟ್ಟೆಕಿಚ್ಚಾಗುವುದು ಅದಕ್ಕೆ.

ಶನಿವಾರದ ಊಟದ ಮನೆಯಲ್ಲಿ ಇಡೀ ವಿಷಯ ಅರ್ಥವಾಗಿದ್ದು ಒಬ್ಬರಿಗೇ, ಆ ಯಜಮಾನರ ಹೆಂಡತಿಗೆ. ದೊಡ್ಡ ಮಗ ಖಾಸಗಿ ಕಾಲೇಜಿನಲ್ಲಿ ಪೂರ್ತಿ ಫೀಸು ಕಟ್ಟಿ ಓದುತ್ತಿದ್ದಾನೆ, ಚಿಕ್ಕವನು ಹನ್ನೊಂದನೇ ಕ್ಲಾಸು. ಅಡುಗೆಮನೆಯಲ್ಲಿ ಪಾತ್ರೆ ತೆಗೆದಿಡುತ್ತಾ ಮೆಲ್ಲಗೆ ಕೇಳಿದರು, "ಉಳಿಸ್ಕೊಳ್ಳೋಕೆ ಜಿಪಿಎ ಎಷ್ಟಿರಬೇಕಂತೆ?" ಸ್ಕಾಲರ್‌ಶಿಪ್‌ಗೆ 3.0, ಆನರ್ಸ್‌ಗೆ 3.5 ಅಂದೆ. "ಎಂಟು ಸೆಮಿಸ್ಟರ್ ಮಾತ್ರಾನಾ?" ಹೌದು, ಐದನೇ ವರ್ಷ ಆದರೆ ನಮ್ಮದೇ ಜೇಬು. "ಟ್ಯಾಕ್ಸು?" ಟ್ಯೂಷನ್ನು, ಪುಸ್ತಕಕ್ಕೆ ಹೋಗುವ ಭಾಗಕ್ಕೆ ಇಲ್ಲ, ಹಾಸ್ಟೆಲು, ಊಟಕ್ಕೆ ಬಳಸಿದರೆ ಆ ಭಾಗಕ್ಕೆ ಇದೆ. ಹೊರಗೆ ಎಂಟು ಗಂಡಸರು ಒಂದು ಗಂಟೆ ಮಾತಾಡಿದ್ದಕ್ಕಿಂತ ಕೆಲಸದ ಮಾತು ಅಲ್ಲಿ ಐದು ನಿಮಿಷದಲ್ಲಿ ಆಯಿತು.

ನಿನ್ನೆ ಅವರ ವಾಟ್ಸಾಪ್ ಬಂತು. "ಚಿಕ್ಕವನಿಗೆ ಯಾವಾಗ ಶುರು ಮಾಡ್ಲಿ? ಇವರಿಗೆ ಆಮೇಲೆ ಹೇಳ್ತೀನಿ." ಆನರ್ಸ್‌ಗೆ ಎಷ್ಟೋ ಕಡೆ ಪ್ರತ್ಯೇಕ ಪ್ರಬಂಧ ಕೇಳುತ್ತಾರೆ, ರಜೆಯಲ್ಲೇ ಬರೆಸಿ, ಸ್ಕಾಲರ್‌ಶಿಪ್ ಬೇಕಾದರೆ ನವೆಂಬರ್ 1, ಡಿಸೆಂಬರ್ 1ರ ಗಡುವು ಬಿಡಬೇಡಿ, ಹಾಕುವ ಮೊದಲು ಪ್ರತಿ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಕೈಯಿಂದ ಕೊನೆಗೆ ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಿ ನೋಡಿ ಅಂತ ಬರೆದು ಕಳಿಸಿದೆ. ಮಗಳ ಪ್ರಬಂಧ ಓದಲು ಕೊಡಬಹುದಾ ಅಂತಲೂ ಕೇಳಿದ್ದಾರೆ. ಅದನ್ನು ಅವಳನ್ನೇ ಕೇಳಿ ಅಂದಿದ್ದೇನೆ.