ಅಂಥ ಹೆಡ್‌ಮಾಸ್ತರ್ರು ಈಗ ಯಾಕಿಲ್ರೀ ಮೇಡಂ?

ಈ ಪ್ರಶ್ನೆ ನನಗೆ ಬಸ್ಸಿನಲ್ಲಿ ಎದುರಾಗುತ್ತದೆ, ಮದುವೆ ಊಟದಲ್ಲಿ ಎದುರಾಗುತ್ತದೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಂತೂ ಚಹಾದ ಜೊತೆಗೇ ಬರುತ್ತದೆ. ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಹೆಡ್‌ಮಾಸ್ಟರ್. ಹೌದು, ಮಾಸ್ಟರೇ. ಊರವರ ನಾಲಿಗೆ ಬೇರೆ ಶಬ್ದಕ್ಕೆ ಹೊರಳುವುದಿಲ್ಲ, ನಾನೂ ತಿದ್ದುವುದು ಬಿಟ್ಟಿದ್ದೇನೆ.

ಕೇಳುವ ಧಾಟಿ ಯಾವಾಗಲೂ ಒಂದೇ. ಮೊದಲು ಒಂದು ನಿಟ್ಟುಸಿರು. ಆಮೇಲೆ, "ನಮ್ಮ ಕಾಲದಾಗ ಹೆಡ್‌ಮಾಸ್ತರ್ರು ಅಂದ್ರ ಹ್ಯಾಂಗ ಇರ್ತಿದ್ರು! ಓಣ್ಯಾಗ ಬಂದ್ರ ಹುಡುಗ್ರು ಚಡ್ಡ್ಯಾಗ ಉಚ್ಚಿ ಹೊಯ್ಕೋತಿದ್ರು. ಅಂಥೋರು ಈಗ ಯಾಕಿಲ್ರೀ ಮೇಡಂ?"

ನನ್ನ ಮುಖಕ್ಕೇ ಕೇಳುತ್ತಾರೆ. ನೀವು ಅಂಥವರಲ್ಲ ಅಂತ ಹೇಳುವ ಮರ್ಯಾದೆಯ ದಾರಿ ಇದು. ಹುಡುಗರು ಚಡ್ಡಿ ಒದ್ದೆ ಮಾಡಿಕೊಂಡರೆ ಶಾಲೆ ಚೆನ್ನಾಗಿದೆ ಅಂತ ಇವರಿಗೆ ಯಾರು ಹೇಳಿದರೋ.

ಹೋದ ವರ್ಷ ಹಳೇ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದರು. 1987ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರು. ಆಗಿನ ಹೆಡ್‌ಮಾಸ್ಟರರನ್ನು ಕಾರಿನಲ್ಲಿ ಕರೆತಂದು ಶಾಲು ಹೊದಿಸಿ, ಕಾಲಿಗೆ ಬಿದ್ದು, ಅತ್ತರು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ. ನನ್ನ ಕುರ್ಚಿ ವೇದಿಕೆಯ ತುದಿಯಲ್ಲಿತ್ತು, ಸ್ಪೀಕರ್ ಪಕ್ಕ. ಅಷ್ಟರಲ್ಲಿ ಒಬ್ಬರು ಮೈಕ್ ಹಿಡಿದು ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಎಸೆದರು. ಜೊತೆಗೆ ಒಂದು ಕೊಸರು: "ಇವ್ರು ಊರಾಗ ಇರ್ತಿದ್ರು. ಈಗಿನವ್ರು ಐದರ ಬಸ್ಸಿಗೆ ಓಡ್ತಾರ." ಜನ ಚಪ್ಪಾಳೆ ಹೊಡೆದರು.

ಹೌದು, ನಾನು ಐದರ ಬಸ್ಸಿಗೆ ಓಡುತ್ತೇನೆ. ಯಾದಗಿರಿಯಲ್ಲಿ ಬಾಡಿಗೆ ಮನೆ, ದಿನಾ ಹೋಗಿ ಬರೋದು. 2018ರಲ್ಲಿ ಬಡ್ತಿ ಸಿಕ್ಕಿ ಈ ಊರಿಗೆ ಬಂದಾಗ ಇಲ್ಲೇ ಇರೋಣ ಅಂತ ಮೂರು ಮನೆ ನೋಡಿದೆ. ಬಾಡಿಗೆ ಎಷ್ಟು ಅಂತ ನಾನು ಕೇಳುವ ಮೊದಲೇ ಮೂರೂ ಕಡೆ "ನೀವು ಯಾವ ಪೈಕ್ರಿ?" ಅಂತ ಕೇಳಿದರು. ಹೇಳಿದೆ. ಆಮೇಲೆ ಯಾರೂ ಬಾಡಿಗೆ ಹೇಳಲಿಲ್ಲ. ಒಬ್ಬರ ಮನೆಗೆ ಇದ್ದಕ್ಕಿದ್ದಂತೆ ಮಗಳ ಬಾಣಂತನ ಬಂತು. ಆ ಮಗಳು ಆಗ ನಮ್ಮ ಶಾಲೆಯಲ್ಲೇ ಒಂಬತ್ತನೇ ಕ್ಲಾಸಿನಲ್ಲಿದ್ದಳು!

ಇದನ್ನೆಲ್ಲ ಮೈಕಿನಲ್ಲಿ ಹೇಳಲು ಬರುತ್ತಾ? ನಕ್ಕು ಕೂತೆ.

ಆದರೆ ಇಲ್ಲಿ ಹೇಳಬಹುದು. ಅಂಥವರು ಅಂದರೆ ಎಂಥವರು? ನಿಜಾಮರ ಕಾಲದಲ್ಲಿ ನಮ್ಮ ಕಡೆ ಹೆಡ್‌ಮಾಸ್ಟರ್ ಅಂದರೆ ಸದರ್ ಮುದರ್ರಿಸ್. ಸರ್ಕಾರಿ ಶಾಲೆಯ ಓದು ಉರ್ದುವಿನಲ್ಲಿ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಈ ರಾಜ್ಯಕ್ಕೆ ಸೇರಿದೆವು. ಕನ್ನಡ ಕಲಿಸಲು ಧಾರವಾಡ, ವಿಜಾಪುರದ ಕಡೆಯಿಂದ ಟ್ರಂಕು ಹೊತ್ತು ಬಂದ ಮಾಸ್ತರರ ಕಥೆ ನಮ್ಮ ಹಿರಿಯರ ಬಾಯಲ್ಲಿ ಈಗಲೂ ಇದೆ. ಯಾವ ಕಾಲದಲ್ಲೂ ಆ ಕುರ್ಚಿಗೆ ಬಂದವರು ಎರಡು ಮೂರು ತಲೆಮಾರಿನಿಂದ ಅಕ್ಷರ ಇದ್ದ ಮನೆಗಳವರು. ಅವರ ತಪ್ಪಲ್ಲ ಅದು. ಉಳಿದವರ ಮನೆಯಲ್ಲಿ ಪಾಟಿಯೇ ಇರಲಿಲ್ಲ.

ಆಮೇಲೆ ಬದಲಾಯಿತು, ಬಹಳ ನಿಧಾನಕ್ಕೆ. ಜಾತಿವಾರು ಮೀಸಲಾತಿ ಬಂತು, ಹೆಂಗಸರ ಮೀಸಲಾತಿ ಬಂತು, ಬಿ.ಎಡ್. ಮಾಡಿದ ಹೆಣ್ಣುಮಕ್ಕಳು ಸಹಶಿಕ್ಷಕಿಯರಾದರು. ಹೊರಗಿನಿಂದ ನೇಮಕವಾಗಿ ಬಂದವರು ವರ್ಗಾವಣೆ ಸಿಕ್ಕ ಕೂಡಲೇ ಹೋಗುತ್ತಿದ್ದರು, ಕುರ್ಚಿ ವರ್ಷಗಟ್ಟಲೆ ಖಾಲಿ. 2013ರಲ್ಲಿ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದ ಮೇಲೆ ಗ್ರೂಪ್ ಬಿ ಹುದ್ದೆಗಳಲ್ಲಿ ಶೇ. 75 ಸ್ಥಳೀಯರಿಗೆ ಮೀಸಲು. ಪ್ರೌಢಶಾಲೆಯ ಹೆಡ್‌ಮಾಸ್ಟರ್ ಗ್ರೂಪ್ ಬಿ. "ನೀವು ಕೋಟಾದಾಗ ಬಂದೀರೇನ್ರಿ?" ಅಂತಲೂ ಕೇಳುತ್ತಾರೆ. ಹೌದ್ರೀ, ಬಂದೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಸೀಮೆಸುಣ್ಣ ತಿಂದು ಬಂದೆ.

ಇನ್ನು ಶಿಸ್ತಿನ ಮಾತು. ಬಿಸಿಯೂಟದ ಬೇಳೆ, ಮೊಟ್ಟೆ ಲೆಕ್ಕ, ಹಾಲಿನ ಪುಡಿ, ಸ್ಕಾಲರ್‌ಶಿಪ್‌ಗೆ ಆಧಾರ್ ಜೋಡಣೆ, ಮಕ್ಕಳ ಮಾಹಿತಿ ತುಂಬಬೇಕಾದ, ಆದರೆ ತೆರೆದುಕೊಳ್ಳದ ಸ್ಯಾಟ್ಸ್ ವೆಬ್‌ಸೈಟು. ಇದರ ನಡುವೆ ಬೆತ್ತ ಎಲ್ಲಿಟ್ಟಿದ್ದೇನೆ ಅಂತ ಹುಡುಕಲೂ ಪುರುಸೊತ್ತಿಲ್ಲ. ಮುಂದೆ ಹೋಗೋಣ.

ಆ ದಿನ ಊಟಕ್ಕೆ ಕೂತಾಗ ಹಳೇ ಹೆಡ್‌ಮಾಸ್ಟರ್ ನನ್ನ ಪಕ್ಕದಲ್ಲಿದ್ದರು. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಹೋಳಿಗೆ ಮುರಿಯುತ್ತಾ, "ಅವರ ಮಾತು ಮನಸಿಗೆ ಹಚ್ಗೋಬ್ಯಾಡವ್ವ" ಅಂದರು. "ನನ್ನ ಕಾಲದಾಗ ಸಾಲಿ ನಡಸೋದು ಸುಲಭ ಇತ್ತು. ಬರೋರೇ ಕಮ್ಮಿ ಇದ್ರು."

ಗೋಡೆಯ ಮೇಲೆ ಆ ಬ್ಯಾಚಿನ ಫೋಟೋ ತೂಗುಹಾಕಿದ್ದರು. ಎಣಿಸಿದೆ. ಮೂವತ್ತಾರು ಹುಡುಗರು, ಮೂರು ಹುಡುಗಿಯರು. ಆ ಹೊತ್ತಿಗೆ ಅಲ್ಲಿಂದ ಎರಡು ಊರಾಚೆ ನಮ್ಮವ್ವ ಯಾರದೋ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ಇವತ್ತಿಗೂ ಹೆಬ್ಬೆಟ್ಟು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ಹೆಂಗಸರದು ಸುಮಾರು 41, ರಾಜ್ಯಕ್ಕೇ ಕಡೆ. ಅಂಥ ಹೆಡ್‌ಮಾಸ್ತರ್ರು ಎಲ್ಲಿ ಹೋದರು ಅಂತ ಎಲ್ಲರೂ ಕೇಳುತ್ತಾರೆ. ಆ ಫೋಟೋದಲ್ಲಿ ಇಲ್ಲದವರು ಎಲ್ಲಿ ಹೋಗಿದ್ದರು ಅಂತ ಒಬ್ಬರಾದರೂ ಕೇಳಿದರೆ, ಚಹಾ ಕುಡಿಸಿ ಉತ್ತರ ಹೇಳುತ್ತೇನೆ.

ಒಬ್ಬರು ಹೆಚ್ಚುಕಮ್ಮಿ ಕೇಳಿದರು. ಅದೂ ಮೈಕ್ ಹಿಡಿದಿದ್ದ ಅದೇ ಮನುಷ್ಯ.

ಗುರುವಂದನೆಯಾಗಿ ಎರಡು ತಿಂಗಳಿಗೆ ಅವರು ಶಾಲೆಗೆ ಬಂದರು. ಮಗಳಿಗೆ 371ಜೆ ಪ್ರಮಾಣಪತ್ರ ಮಾಡಿಸಬೇಕಿತ್ತು, ಅದಕ್ಕೆ ತಾವು ಇಲ್ಲೇ ಓದಿದ್ದಕ್ಕೆ ದಾಖಲೆ ಬೇಕು. ಹಳೇ ಅಡ್ಮಿಷನ್ ರಿಜಿಸ್ಟರ್ ತೆಗೆಸಿದೆ. ಬೆನ್ನು ಹರಿದು ಬಟ್ಟೆ ಅಂಟಿಸಿದ್ದು, ಮೇಲೆ ಗುಲ್ಬರ್ಗ ಜಿಲ್ಲೆ ಅನ್ನುವ ಸೀಲು. ಒಳಗೆ ಹಳೇ ಹೆಡ್‌ಮಾಸ್ಟರರ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಬಂದವರು ತಮ್ಮ ಹೆಸರು ಹುಡುಕುತ್ತಾ ಬೆರಳು ಇಳಿಸುತ್ತಿದ್ದರು, ನಾಲ್ಕು ಸಾಲು ಮೇಲೆಯೇ ನಿಂತುಬಿಟ್ಟಿತು.

"ಇದು ನಮ್ಮಕ್ಕಂದ್ರೀ."

ಇಬ್ಬರೂ ಒಂದೇ ವರ್ಷ ಎಂಟನೇ ಕ್ಲಾಸಿಗೆ ಸೇರಿದ್ದರು. ಶಾಲೆ ಬಿಟ್ಟ ಕಾರಣ ಅನ್ನುವ ಕಾಲಂ ಇದೆಯಲ್ಲ, ಅದರಲ್ಲಿ ಇವರ ಮುಂದೆ ‘ಎಸ್‌ಎಸ್‌ಎಲ್‌ಸಿ ಪಾಸು’. ಅಕ್ಕನ ಮುಂದೆ ‘ಮದುವೆ’. ಅದೇ ಮುತ್ತಿನಂಥ ಅಕ್ಷರ. ಸೇರಿ ಐದು ತಿಂಗಳಾಗಿತ್ತು.

"ಆಕಿ ಹೈಸ್ಕೂಲಿಗಿ ಬಂದಿದ್ದೇ ನನಗ ನೆನಪಿಲ್ಲ ನೋಡ್ರಿ" ಅಂದರು. ಪುಟದ ಮೇಲಿನ ಉಳಿದ ಹುಡುಗಿಯರ ಸಾಲುಗಳನ್ನೂ ಓದಿದರು. ಮದುವೆ. ಬಹುದಿನದ ಗೈರು. ಮದುವೆ. "ಇವ್ರೆಲ್ಲಾ ಎಲ್ಲಿ ಅದಾರ್ರೀ ಈಗ?"

ಚಹಾ ತರಿಸಿದೆ.

ಅವರ ವ್ಯಾಸಂಗ ಪ್ರಮಾಣಪತ್ರಕ್ಕೆ ಹಸಿರು ಇಂಕಿನಲ್ಲಿ ಸಹಿ ಹಾಕಿ ಮುಖ್ಯಗುರುಗಳ ಸೀಲು ಒತ್ತಿದೆ. ಅವರು ಎದ್ದವರು ಮತ್ತೆ ಕೂತರು. ಅಕ್ಕನ ಸಾಲು ಇರುವ ಪುಟದ್ದೂ ಒಂದು ಜೆರಾಕ್ಸ್ ಬೇಕು ಅಂದರು. ಯಾವುದಕ್ಕೆ ಅಂತ ನಾನು ಕೇಳಲಿಲ್ಲ. ಜೆರಾಕ್ಸ್ ಅಂಗಡಿಗೆ ಹೋದ ಜವಾನ ಬರುವಷ್ಟರಲ್ಲಿ ಐದರ ಬಸ್ ಹೋಗಿತ್ತು.