ವಾಟರ್ ಪಾರ್ಕಿಗೆ ಹೊರಡುವ ಮುನ್ನ ಕಾಲಿನ ಕಡೆ ನೋಡಿ

ವಾಟರ್ ಪಾರ್ಕಿಗೆ ಹೊರಟಾಗ ಈಜುಡುಗೆ, ಟವಲ್ಲು, ಸನ್‌ಸ್ಕ್ರೀನು ಎಲ್ಲವೂ ನೆನಪಾಗಿ ಬ್ಯಾಗು ಸೇರುತ್ತವೆ. ಕಾಲಿಗೆ ಮಾತ್ರ ಬಾಗಿಲ ಹತ್ತಿರ ಯಾವುದು ಕಂಡಿತೋ ಅದು. ಅಲ್ಲಿ ಕಳೆಯುವ ಆರೇಳು ಗಂಟೆಯ ಲೆಕ್ಕ ಹಾಕಿ ನೋಡಿ. ಒಂದು ಸ್ಲೈಡ್‌ನಲ್ಲಿ ಜಾರಿ ಕೆಳಗೆ ಬರಲು ಸಾಮಾನ್ಯವಾಗಿ ಒಂದು ನಿಮಿಷವೂ ಬೇಡ. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಲ್ಲುವುದು, ಗೋಪುರದ ಮೆಟ್ಟಿಲು ಹತ್ತುವುದು, ಕಾದ ಕಾಂಕ್ರೀಟು ಮತ್ತು ಒದ್ದೆ ಟೈಲ್ಸಿನ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆಯುವುದು. ಈ ನಡೆದಾಟವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪಾದರಕ್ಷೆ ಆರಿಸಬೇಕು. ಜೊತೆಗೆ ಇನ್ನೊಂದು ಮಾತು: ದಿನವಿಡೀ ಅದನ್ನು ಹತ್ತಾರು ಸಲ ಕಳಚಬೇಕು, ಮತ್ತೆ ಹಾಕಬೇಕು.

ಯಾಕೆ ಕಳಚಬೇಕೆಂದರೆ, ಮೈಯನ್ನೇ ಜಾರಿಬಿಡುವ ಸ್ಲೈಡ್‌ಗಳಲ್ಲಿ ಬಹುತೇಕ ಕಡೆ ಬರಿಗಾಲೇ ನಿಯಮ. ಸಿಬ್ಬಂದಿಯ ಕಿರಿಕಿರಿ ಎಂದು ಗೊಣಗುವವರು ಆ ಕೊಳವೆ ಹೇಗೆ ಕಟ್ಟಿದ್ದಾರೆ ಎಂದು ಒಮ್ಮೆ ನೋಡಬೇಕು. ಫೈಬರ್‌ಗ್ಲಾಸ್ ತುಂಡುಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಜೋಡಿಸಿ, ಒಳಮೈಗೆ ನುಣುಪಾದ ಲೇಪ ಕೊಟ್ಟಿರುತ್ತಾರೆ. ಬಕಲ್ಲು, ರಿವೆಟ್ಟು ತಗುಲಿದರೆ ಆ ಲೇಪದ ಮೇಲೆ ಗೀರು ಬೀಳುತ್ತದೆ. ಮುಂದೆ ಬರುವವರ ಬೆನ್ನು ಆ ಗೀರಿನ ಮೇಲೇ ಉಜ್ಜಿಕೊಂಡು ಹೋಗುತ್ತದೆ. ರಬ್ಬರ್ ಅಟ್ಟೆಯ ಅಪಾಯ ಬೇರೆ ಬಗೆಯದು. ಮೈ ಜಾರುತ್ತಿರುವಾಗ ಹಿಮ್ಮಡಿ ಮಾತ್ರ ಗಕ್ಕನೆ ಕಚ್ಚಿಕೊಂಡರೆ ಮಂಡಿ ಅಥವಾ ಕಣಕಾಲು ತಿರುಚುತ್ತದೆ, ಮೈ ಮಗುಚಬಹುದು. ಟ್ಯೂಬು, ರಾಫ್ಟುಗಳಲ್ಲಿ ಕೂತು ಬರುವ ಸವಾರಿಗಳಲ್ಲಿ ಕೆಲವು ಪಾರ್ಕುಗಳು ಮೆತ್ತನೆಯ ವಾಟರ್ ಶೂಗೆ (ನೀರಲ್ಲೂ ಹಾಕಿಕೊಳ್ಳುವ ಹಗುರ ಶೂ) ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಂದೇ ಪಾರ್ಕಿನೊಳಗೂ ಸವಾರಿಯಿಂದ ಸವಾರಿಗೆ ನಿಯಮ ಬದಲಾಗುತ್ತದೆ. ಹೀಗಾಗಿ ಹೊಸದೇನನ್ನಾದರೂ ಕೊಳ್ಳುವ ಮೊದಲು ಪಾರ್ಕಿನ ವೆಬ್‌ಸೈಟ್ ನೋಡಿ, ಇಲ್ಲವೇ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ಯಾವ ಸವಾರಿಗಳಲ್ಲಿ ಕಾಲಿಗೆ ಹಾಕಿಕೊಳ್ಳಬಹುದು, ಅಲೆಯ ಕೊಳದೊಳಗೆ ಏನನ್ನು ಬಿಡುತ್ತಾರೆ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಇಡಲು ಸ್ಟ್ಯಾಂಡ್ ಇದೆಯೇ.

ಈ ಮೂರನೆಯ ಪ್ರಶ್ನೆ ಕ್ಷುಲ್ಲಕವೆನಿಸಬಹುದು, ಆದರೆ ದಿನದ ಅರ್ಧ ಕಿರಿಕಿರಿ ಹುಟ್ಟುವುದೇ ಅಲ್ಲಿ. ಹತ್ತುವ ಮೆಟ್ಟಿಲು ಒಂದು ಕಡೆ, ಬಂದು ಬೀಳುವ ಕೊಳ ಇನ್ನೊಂದು ಕಡೆ. ಬಿಟ್ಟ ಚಪ್ಪಲಿಯ ತನಕ ಬರಿಗಾಲಲ್ಲಿ ಸುತ್ತಿ ಬರಬೇಕು. ಸಾಧ್ಯವಾದರೆ ಚಪ್ಪಲಿಯನ್ನು ಕೊಳದಿಂದ ಹೊರಬರುವ ಜಾಗದ ಹತ್ತಿರ, ನೆರಳಿನಲ್ಲಿ ಬಿಟ್ಟು, ಅಲ್ಲಿಂದ ಮೆಟ್ಟಿಲಿನವರೆಗೆ ಒದ್ದೆ ಜಾಗ ನೋಡಿಕೊಂಡು ಬರಿಗಾಲಲ್ಲೇ ಹೋಗಿ. ಮೆಟ್ಟಿಲು ಹತ್ತುವಾಗ ಕಾಲು ಒದ್ದೆಯಾಗಿರುತ್ತದೆ, ಹಿಂತಿರುಗುವಾಗ ಸುಸ್ತಾಗಿರುತ್ತದೆ; ಚಪ್ಪಲಿ ಬೇಕೆನಿಸುವುದು ಹಿಂತಿರುಗುವಾಗಲೇ. ಸ್ಲೈಡ್ ಹತ್ತದೆ ಕೆಳಗೇ ಕೂರುವವರು ಗುಂಪಿನಲ್ಲಿ ಒಬ್ಬರಿದ್ದರೆ ಎಲ್ಲರ ಚಪ್ಪಲಿಯನ್ನೂ ಒಂದು ಬಲೆಚೀಲಕ್ಕೆ ಹಾಕಿ ಅವರ ಕೈಗೆ ಕೊಡುವುದೇ ಸುಲಭ. ಸ್ಟ್ಯಾಂಡಿನಲ್ಲಿ ಒಂದೇ ಬಣ್ಣದ ಹತ್ತು ಜೋಡಿ ಇರುತ್ತವೆ. ಬಾರಿಗೆ ಗಾಢ ಬಣ್ಣದ ಟೇಪಿನ ಚೂರು ಸುತ್ತಿದ್ದರೆ ನಿಮ್ಮ ಜೋಡಿಯನ್ನು ಬೇರೆಯವರು ಹಾಕಿಕೊಂಡು ಹೋಗುವ ಸಂಭವ ಕಡಿಮೆ.

ಈಗ ಅಟ್ಟೆಯ ವಿಷಯ. ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಮೇಲ್ಭಾಗದ ಬಣ್ಣ. ನೀವು ತಿರುಗಿಸಿ ತಳ ನೋಡಿ. ಒದ್ದೆ ನೆಲದಲ್ಲಿ ಜಾರುವುದು ಅಟ್ಟೆಗೂ ನೆಲಕ್ಕೂ ನಡುವೆ ತೆಳುವಾದ ನೀರಿನ ಪದರ ಸಿಕ್ಕಿಕೊಳ್ಳುವುದರಿಂದ. ಆ ನೀರು ಪಕ್ಕಕ್ಕೆ ಹೋಗಲು ದಾರಿಯಿದ್ದರೆ ಅಟ್ಟೆ ನೆಲವನ್ನು ಮುಟ್ಟುತ್ತದೆ, ಇಲ್ಲದಿದ್ದರೆ ತೇಲುತ್ತದೆ. ದಾರಿ ಮಾಡಿಕೊಡುವುದು ಅಂಚಿನವರೆಗೂ ತೆರೆದುಕೊಂಡಿರುವ ಕಾಲುವೆಗಳು, ಬ್ಲೇಡಿನಿಂದ ಸೀಳಿದಂಥ ಸಣ್ಣ ಗೆರೆಗಳು. ನಾಲ್ಕೂ ಕಡೆ ಮುಚ್ಚಿದ ಚೌಕ ಗುಳಿಗಳಿದ್ದರೆ ನೀರು ಅಲ್ಲೇ ನಿಲ್ಲುತ್ತದೆ, ವಿನ್ಯಾಸ ಎಷ್ಟೇ ಚಂದವಿರಲಿ. ಬೆಟ್ಟ ಹತ್ತುವ ಶೂಗಳಂತೆ ದಪ್ಪ ಗಟ್ಟಿ ಉಬ್ಬುಗಳೂ ಇಲ್ಲಿ ಪ್ರಯೋಜನಕ್ಕೆ ಬಾರವು. ಕೆಸರಿನಲ್ಲಿ ಅವು ಊರಿಕೊಳ್ಳುತ್ತವೆ, ನಯವಾದ ಟೈಲ್ಸಿನ ಮೇಲೆ ಮುಟ್ಟುವ ಜಾಗವೇ ಕಡಿಮೆಯಾಗಿ ಜಾರುತ್ತವೆ. ಅಟ್ಟೆಯ ವಸ್ತುವನ್ನು ಉಗುರಿನಿಂದ ಒತ್ತಿ ನೋಡಿ: ಸ್ವಲ್ಪ ತಗ್ಗಿ ಮತ್ತೆ ಮೇಲೆ ಬಂದರೆ ಮೆತ್ತನೆಯ ರಬ್ಬರ್, ಒಳ್ಳೆಯದು. ಒತ್ತಿದರೂ ಮಿಸುಕದ, ಹೊಳೆಯುವ ಗಟ್ಟಿ ಪ್ಲಾಸ್ಟಿಕ್ಕಾದರೆ ಅಲ್ಲೇ ಬಿಟ್ಟುಬನ್ನಿ. ಮನೆಯಲ್ಲಿರುವ ಹಳೆಯ ಜೋಡಿಯನ್ನು ಪರೀಕ್ಷಿಸಬೇಕಾದರೆ ಬಚ್ಚಲಿನ ನೆಲಕ್ಕೆ ನೀರು ಸುರಿದು, ಗೋಡೆಯನ್ನೋ ನಲ್ಲಿಯನ್ನೋ ಹಿಡಿದುಕೊಂಡೇ, ಒಂದು ಕಾಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಸರ್ರನೆ ಹೋದರೆ ಉತ್ತರ ಸಿಕ್ಕಿತು. ಹಿಮ್ಮಡಿಯ ಕೆಳಗೆ ಗೆರೆ ಸವೆದು ನುಣ್ಣಗಾದ ಚಪ್ಪಲಿಗೂ ಅದೇ ಗತಿ, ಏಕೆಂದರೆ ಹೆಜ್ಜೆ ಮೊದಲು ಊರುವುದು ಅಲ್ಲೇ.

ಹವಾಯಿ ಚಪ್ಪಲಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಬಟ್ಟೆ ಬದಲಿಸುವ ಕೋಣೆಗೆ, ಷವರಿಗೆ, ಗಾಡಿಯಿಂದ ಗೇಟಿನ ತನಕ ಅದಕ್ಕಿಂತ ಸಲೀಸಾದದ್ದಿಲ್ಲ. ಆದರೆ ಹಿಂದೆ ಹಿಡಿತವಿಲ್ಲದ್ದರಿಂದ ಪ್ರತಿ ಹೆಜ್ಜೆಗೂ ಬೆರಳು ಮಡಚಿ ಅದನ್ನು ಎಳೆದುಕೊಂಡು ನಡೆಯಬೇಕು. ಒದ್ದೆಯಾದಾಗ ಪಾದವೇ ಚಪ್ಪಲಿಯ ಮೇಲೆ ಜಾರುತ್ತದೆ, ಬಾರು ಹೆಬ್ಬೆರಳ ಸಂದನ್ನು ಕೊರೆಯುತ್ತದೆ. ಉಂಗುಷ್ಠದ ಗುಂಡಿ ಕೆಳಗಿನ ತೂತಿನಿಂದ ಕಿತ್ತುಬರುವುದೂ ಒದ್ದೆಯಾದಾಗಲೇ ಹೆಚ್ಚು. ಮೆಟ್ಟಿಲಿನ ಮೇಲೆ ಹಾಗಾದರೆ ಮುಗ್ಗರಿಸುವುದು ಖಂಡಿತ. ಅಲೆಯ ಕೊಳಕ್ಕೆ ಅದನ್ನು ಹಾಕಿಕೊಂಡು ಇಳಿಯಲೇಬೇಡಿ. ಅಲೆ ಹಿಂದೆ ಸರಿಯುವಾಗ ಒಂದು ಚಪ್ಪಲಿ ತೇಲಿ ಹೋಗುತ್ತದೆ, ಅದನ್ನು ಹಿಡಿಯಲು ಬಗ್ಗಿದವರ ಮೇಲೆ ಮುಂದಿನ ಅಲೆ ಬರುತ್ತದೆ.

ಮೇಲೆ ತೂತುಗಳಿರುವ ಫೋಮ್ ಕ್ಲಾಗ್‌ಗಳನ್ನು ಮಾಡುವುದು ಸಾಮಾನ್ಯವಾಗಿ ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್ ಫೋಮ್‌ನಿಂದ. ಅದರೊಳಗಿನ ಗುಳ್ಳೆಗಳು ಒಂದಕ್ಕೊಂದು ತೆರೆದಿರುವುದಿಲ್ಲ. ಆದ್ದರಿಂದ ನೀರು ಹೀರದು, ಹಗುರ, ಬೇಗ ಆರುತ್ತದೆ, ಹಾಕಿ ತೆಗೆಯಲು ಕೈಯೂ ಬೇಡ. ಹಿಂದಿನ ಪಟ್ಟಿಯನ್ನು ಹಿಮ್ಮಡಿಗೆ ಇಳಿಸಿಕೊಂಡರೆ ಮಾತ್ರ ಇದು ನಡೆಯಲು ಯೋಗ್ಯ. ಪಟ್ಟಿಯನ್ನು ಮುಂದಕ್ಕೆ ಮಡಚಿಕೊಂಡು ನಡೆದರೆ ಹವಾಯಿ ಚಪ್ಪಲಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಇದರ ಇನ್ನೊಂದು ದೌರ್ಬಲ್ಯ ಶಾಖ. ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಇವಿಎ ಕುಗ್ಗುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ಸಂಜೆ ಬಿಗಿಯಾದರೆ ಕಾಲು ಊದಿದೆ ಎಂದಷ್ಟೇ ತಿಳಿಯಬೇಡಿ.

ನನ್ನ ಮತ ಕೇಳಿದರೆ ಹೆಚ್ಚಿನವರಿಗೆ ಒಪ್ಪುವುದು ಹಿಮ್ಮಡಿಗೆ ಪಟ್ಟಿಯಿರುವ, ರಬ್ಬರ್ ತಳದ ಸ್ಯಾಂಡಲ್. ಪಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ನೇಯ್ಗೆಯದಾಗಿರಲಿ, ಮುಚ್ಚಲು ವೆಲ್ಕ್ರೊ ಇಲ್ಲವೇ ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಇರಲಿ. ಲೋಹದ ಬಕಲ್ ಬಿಸಿಲಿಗೆ ಕಾದು ಚರ್ಮಕ್ಕೆ ಚುರುಕ್ಕೆನ್ನುತ್ತದೆ. ಲೇಸಿನದ್ದಂತೂ ಬೇಡ, ನೆನೆದ ಗಂಟನ್ನು ಮೂರನೆಯ ಸಲ ಬಿಚ್ಚುವಾಗಲೇ ಸಾಕಾಗಿಹೋಗುತ್ತದೆ. ವೆಲ್ಕ್ರೊದ ಮುಳ್ಳುಗಳಲ್ಲಿ ಕೂದಲು, ನೂಲು ಸಿಕ್ಕಿ ಹಿಡಿತ ಸಡಿಲವಾಗುತ್ತದೆ. ಹೊರಡುವ ಹಿಂದಿನ ದಿನ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಿರಿ.

ಮುಚ್ಚಿದ ವಾಟರ್ ಶೂ ಯಾರಿಗೆ? ಅಲೆಯ ಕೊಳದಲ್ಲೂ ಆಳವಿಲ್ಲದ ಮಕ್ಕಳ ಕೊಳದಲ್ಲೂ ಹೆಚ್ಚು ಹೊತ್ತು ನಿಲ್ಲುವವರಿಗೆ. ಜಾರದಿರಲೆಂದು ಅಲ್ಲಿನ ತಳವನ್ನು ಒರಟಾಗಿಯೇ ಬಿಟ್ಟಿರುತ್ತಾರೆ, ನೀರಲ್ಲಿ ನೆಂದು ಮೆತ್ತಗಾದ ಬೆರಳ ತುದಿ, ಅಂಗಾಲು ಅದಕ್ಕೆ ಉಜ್ಜಿ ತರಚುತ್ತದೆ. ಸಂಜೆ ಕಾಲು ಉರಿಯಲು ಶುರುವಾದ ಮೇಲೆಯೇ ಅದು ಗೊತ್ತಾಗುವುದು. ಕೊಳ್ಳುವಾಗ ಎರಡು ವಿಷಯ ನೋಡಿ. ತಳದಲ್ಲೋ ಪಕ್ಕದಲ್ಲೋ ನೀರು ಹೋಗುವ ತೂತುಗಳಿರಬೇಕು. ಒಂದು ಲೋಟ ನೀರು ಒಳಗೆ ಸುರಿದರೆ ಕೆಲವು ಸೆಕೆಂಡಿನಲ್ಲಿ ಹೊರಗೆ ಹರಿಯಬೇಕು, ಇಲ್ಲದಿದ್ದರೆ ನೀರಿನ ಚೀಲ ಕಟ್ಟಿಕೊಂಡು ಮೆಟ್ಟಿಲು ಹತ್ತಿದಂತೆ. ಎರಡನೆಯದು ತಳದ ದಪ್ಪ. ಕಾಲುಚೀಲದಂತೆ ಸುರುಳಿ ಸುತ್ತಬಹುದಾದ ತೆಳು ಶೂ ಗೀರನ್ನು ತಡೆಯುತ್ತದೆ, ನೆಲದ ಬಿಸಿಯನ್ನು ಹೆಚ್ಚು ಹೊತ್ತು ತಡೆಯದು. ನಿಯೋಪ್ರೀನ್ ಎಂಬ ಕೃತಕ ರಬ್ಬರಿನದ್ದು ಬೆಚ್ಚಗಿರುತ್ತದೆ, ನಿಧಾನವಾಗಿ ಆರುತ್ತದೆ; ಬಿಸಿಲಿನ ದಿನಕ್ಕೆ ಬಲೆಬಟ್ಟೆಯದ್ದೇ ಮೇಲು.

ಅಳತೆಯನ್ನು ಸಂಜೆ ನೋಡಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಓಡುವ ಶೂಗೆ ಮುಂದೆ ಹೆಬ್ಬೆರಳಗಲ ಜಾಗ ಬಿಡುವ ರೂಢಿ ಇಲ್ಲಿ ಸಲ್ಲದು. ವಾಟರ್ ಶೂ ನೆನೆದು ಸಡಿಲವಾಗುತ್ತದೆ, ಆದ್ದರಿಂದ ಬೆರಳು ಮಡಚಿಕೊಳ್ಳದಷ್ಟು, 5 ಮಿಲಿಮೀಟರಿನಷ್ಟು ಜಾಗ ಸಾಕು. ಸ್ಯಾಂಡಲ್ಲಿನಲ್ಲಿ ಬೆರಳಾಗಲಿ ಹಿಮ್ಮಡಿಯಾಗಲಿ ಅಟ್ಟೆಯ ಅಂಚನ್ನು ದಾಟಬಾರದು; ದಾಟಿದರೆ ಮೆಟ್ಟಿಲ ಅಂಚಿಗೆ ಮೊದಲು ತಾಗುವುದು ಬೆರಳೇ. ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಸೈಜು ದೊಡ್ಡದು ಕೊಳ್ಳುವುದು ಬೇರೆಲ್ಲಿ ನಡೆದರೂ ಒದ್ದೆ ನೆಲದಲ್ಲಿ ನಡೆಯದು. ಮಕ್ಕಳು ಓಡಬೇಡಿ ಎಂದರೂ ಓಡುತ್ತಾರೆ.

ಗುಳ್ಳೆ ಏಳುವುದರ ಬಗ್ಗೆ ಒಂದಿಷ್ಟು ಹೆಚ್ಚು ಹೇಳಬೇಕು, ಏಕೆಂದರೆ ಹೊಸ ಜೋಡಿ ಹಾಕಿಕೊಂಡು ಹೋದವರೆಲ್ಲ ಕೊನೆಗೆ ಕುಂಟುವುದು ಇದರಿಂದಲೇ. ನೀರಲ್ಲಿ ನೆಂದ ಚರ್ಮ ಮೆತ್ತಗಾಗಿ ಪಟ್ಟಿಗೆ ಅಂಟಿಕೊಳ್ಳುತ್ತದೆ. ಹೆಜ್ಜೆ ಹಾಕಿದಾಗ ಒಳಗಿನ ಮೂಳೆ ಒಂದು ಕಡೆ ಸರಿದರೆ ಮೇಲಿನ ಚರ್ಮ ಅಂಟಿಕೊಂಡ ಕಡೆಯೇ ನಿಲ್ಲುತ್ತದೆ. ಈ ಜಗ್ಗಾಟ ಸಾವಿರ ಸಲವಾದಾಗ ಚರ್ಮದ ಪದರ ಬಿಟ್ಟು ನಡುವೆ ನೀರು ತುಂಬುತ್ತದೆ. ಹೀಗಾಗಿ ಹೊಸದನ್ನು ಒಣಗಿದ ಕಾಲಲ್ಲಿ ಮನೆಯೊಳಗೆ ಹಾಕಿ ನೋಡಿದರೆ ಏನೂ ತಿಳಿಯದು. ಹೋಗುವ ವಾರ ಎರಡು ಮೂರು ದಿನ, ಬಕೆಟ್ಟಿನಲ್ಲಿ ಅದ್ದಿ ತೆಗೆದು, ಒದ್ದೆಯಾಗಿರುವಾಗಲೇ ಅರ್ಧ ಗಂಟೆ ನಡೆಯಿರಿ. ಎಲ್ಲಿ ಕೆಂಪಾಗುತ್ತದೋ ಅಲ್ಲೇ ಗುಳ್ಳೆ ಏಳುವುದು. ಸಾಮಾನ್ಯವಾಗಿ ಹಿಮ್ಮಡಿಯ ಮೇಲಂಚು, ಕಿರುಬೆರಳ ಹೊರಬದಿ, ಪಟ್ಟಿಯ ಹೊಲಿಗೆ ಬರುವ ಜಾಗ. ಪಾರ್ಕಿಗೆ ಹೋಗುವ ದಿನ ಆ ಜಾಗಗಳಿಗೆ, ಕಾಲು ಪೂರ್ತಿ ಒಣಗಿರುವಾಗ, ಔಷಧಿ ಅಂಗಡಿಯ ಬಟ್ಟೆ ಟೇಪನ್ನು ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿ. ಚೂಪು ಮೂಲೆ ಬಿಟ್ಟರೆ ನೀರು ಅಲ್ಲಿಂದಲೇ ಟೇಪನ್ನು ಎಬ್ಬಿಸುತ್ತದೆ. ಟೇಪು ಇಲ್ಲದಿದ್ದರೆ ಪೆಟ್ರೋಲಿಯಂ ಜೆಲ್ಲಿ ಸವರಬಹುದು, ಅಂಗಾಲಿಗೆ ಮಾತ್ರ ತಾಗಿಸಬೇಡಿ. ಸನ್‌ಸ್ಕ್ರೀನಿಗೂ ಇದೇ ಮಾತು: ಪಾದದ ಮೇಲ್ಭಾಗಕ್ಕೆ ಮರೆಯದೆ ಹಚ್ಚಿ, ಕೆಳಗೆ ಹರಿದರೆ ಒರೆಸಿಕೊಂಡೇ ಎದ್ದು ನಿಲ್ಲಿ.

ನೆಲದ ಬಿಸಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಿಸಿಲಿಗೆ ಕಾದ ನೆಲ ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗಿರುತ್ತದೆ, 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲ್ಮೈ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡಬಲ್ಲದು. ಮಕ್ಕಳ ಚರ್ಮ ತೆಳು, ಬೇಗ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಮಂದವಾಗಿರುವವರಿಗೆ ಸುಡುವುದೂ ಗೊತ್ತಾಗುವುದಿಲ್ಲ, ತರಚಿದ್ದೂ ಗೊತ್ತಾಗುವುದಿಲ್ಲ. ಅವರು ಬರಿಗಾಲು ಕಡ್ಡಾಯವಿರುವ ಸವಾರಿಗಳನ್ನು ಬಿಟ್ಟು, ದಿನವಿಡೀ ದಪ್ಪ ತಳದ ಮುಚ್ಚಿದ ವಾಟರ್ ಶೂ ಹಾಕಿಕೊಂಡು, ಗಂಟೆಗೊಮ್ಮೆ ಕಳಚಿ ಅಂಗಾಲನ್ನು ಕಣ್ಣಿಂದಲೇ ನೋಡಿಕೊಳ್ಳಬೇಕು.

ಷವರು ಮತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಬರಿಗಾಲು ಬೇಡ. ಬೆರಳ ಸಂದಿನ ಶಿಲೀಂಧ್ರದ ಸೋಂಕು, ಅಂಗಾಲಿನ ನರುಲಿ ಎರಡೂ ಇಂಥ ಬೆಚ್ಚಗಿನ ಒದ್ದೆ ನೆಲದಿಂದ ಹಬ್ಬಬಹುದು.

ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಸ್ಯಾಂಡಲ್ ಕಂಡರೆ ಖುಷಿಪಡುವ ಮುನ್ನ ತಳವನ್ನು ಬಲವಾಗಿ ಬಗ್ಗಿಸಿ. ತಳದಲ್ಲಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಫೋಮ್ ಇದ್ದರೆ ಅದು ಗಾಳಿಯ ತೇವ ಹೀರಿ, ಬಳಸದೆ ಇಟ್ಟರೂ, ಒಳಗೊಳಗೇ ಶಿಥಿಲವಾಗುತ್ತದೆ. ನೋಡಲು ಹೊಸದು, ನೀರಿಗಿಳಿದ ಮೇಲೆ ಪುಡಿಪುಡಿ. ಚರ್ಮದ ಚಪ್ಪಲಿ, ಕ್ಯಾನ್ವಾಸ್ ಶೂಗಳನ್ನು ಮನೆಯಲ್ಲೇ ಬಿಡಿ; ಮೊದಲನೆಯದು ಒಣಗಿ ಸೆಟೆಯುತ್ತದೆ, ಎರಡನೆಯದು ಸಂಜೆಯಾದರೂ ನೀರು ಬಿಡುವುದಿಲ್ಲ. ಮನೆಗೆ ಮರಳಲು ಒಂದು ಒಣ ಜೋಡಿ ಬೇರೆ ಇರಲಿ.

ಬಂದ ಮೇಲೆ ಒದ್ದೆ ಜೋಡಿಯನ್ನು ಚೀಲದಲ್ಲೇ ಬಿಟ್ಟು ಮಲಗಬೇಡಿ, ಬೆಳಗಾಗುವುದರೊಳಗೆ ವಾಸನೆ ಹಿಡಿಯುತ್ತದೆ. ಕ್ಲೋರಿನ್ ಎಲಾಸ್ಟಿಕ್ಕನ್ನೂ ನಿಯೋಪ್ರೀನನ್ನೂ ನಿಧಾನವಾಗಿ ತಿನ್ನುವುದರಿಂದ ಆ ರಾತ್ರಿಯೇ ಸಿಹಿನೀರಲ್ಲಿ ಜಾಲಾಡಿಸಿ, ಒಳಪದರ ಹೊರತೆಗೆದು, ಶೂ ಆದರೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಆರಲು ಬಿಡಿ. ಪತ್ರಿಕೆ ನೆಂದಾಗ ಒಮ್ಮೆ ಬದಲಿಸಿದರೆ ಮರುದಿನ ಸಂಜೆಗೆ ಒಳಗೂ ಒಣಗಿರುತ್ತದೆ.