ಚರ್ಮಕ್ಕೆ ಒಂದೇ ಬಣ್ಣ ಇರೋದಿಲ್ಲ

ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿಯೊಬ್ಬರ ಮುಖ ಬಿಡಿಸುತ್ತಿದ್ದೇನೆ. ಹಣೆಯಲ್ಲಿ ಹಳದಿ, ಕೆನ್ನೆ ಮತ್ತು ಮೂಗಿನ ತುದಿಯಲ್ಲಿ ಕೆಂಪು, ಹಸಿರು ಇಳಕಲ್ ಸೀರೆಯ ಬಣ್ಣ ಬಿದ್ದು ಗದ್ದದ ಕೆಳಗೆಲ್ಲ ತಣ್ಣನೆಯ ಹಸಿರು. ಎಷ್ಟು ಚಂದ ಅಲ್ವಾ!

ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ (1860–1920) ಹೆಸರಿನಲ್ಲೇ ಒಂದು ಪ್ಯಾಲೆಟ್, ಅಂದರೆ ಬಣ್ಣಗಳ ಗುಂಪು, ಇದೆ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ (ಹೊಳೆಯುವ ಕೆಂಪು), ಕಪ್ಪು, ಬಿಳಿ. ಕಪ್ಪಿಗೆ ಬಿಳಿ ಬೆರೆಸಿ ಕೆಂಪಿನ ಪಕ್ಕ ಇಟ್ಟರೆ ನೀಲಿಯಂತೆ ಕಾಣುತ್ತೆ, ಮಾಡಿ ನೋಡಿ.

ಬಣ್ಣವನ್ನು ಪೂರ್ತಿ ಕಲಸಬೇಡಿ. ಅರ್ಧ ಕಲಸಿದ್ದನ್ನು ಅಗಲ ಬ್ರಷ್‌ನಲ್ಲಿ ಎಳೆದರೆ ಒಂದೇ ಎಳೆತದಲ್ಲಿ ಎರಡು ಮೂರು ಬಣ್ಣ ಬಿಡುತ್ತೆ, ಸುಕ್ಕುಗಳಿಗೆ ಅದೇ ಸರಿ. ಹಾಕಿದ ಮೇಲೆ ಸುಮ್ನೆ ಬಿಡಿ, ಜಾಸ್ತಿ ತಿಕ್ಕಿದರೆ ಕೆಸರಾಗುತ್ತೆ. ಕಣ್ಣಿನ ಅಂಚು, ಮೂಗುತಿಯ ಹೊಳಪು ಖಚಿತವಾಗಿದ್ದರೆ ಸಾಕು, ಕಿವಿ, ಕೂದಲು ಹಿನ್ನೆಲೆಯಲ್ಲಿ ಕರಗಲಿ.